ಬೂಟಣ್ಣನ ಎಡಬಲದ ದೋಣಿ

ಬೂಟು ಹೊಲಿಯುವುದರಲ್ಲಿ ಬೂಟಣ್ಣನದು ಎತ್ತಿದ ಕೈ. ಸುಮ್ಮನೆ ಕೂರುವುದು ಮಾತ್ರ ಅವನ ಹಣೆಯಲ್ಲಿ ಬರೆದಿರಲಿಲ್ಲ. ಐವತ್ತು ದಾಟಿದ ಮೇಲೆ ಹಾಯಿದೋಣಿಯ ಹುಚ್ಚು ಹಿಡಿಯಿತು ನೋಡಿ! ಅದೂ ಎಂಥದ್ದು? ಕ್ಯಾಟಮರಾನ್. ಪಕ್ಕಪಕ್ಕಕ್ಕೆ ಎರಡು ಸಪೂರ ಒಡಲು, ನಡುವೆ ಕೂರುವುದಕ್ಕೆ ಬಿಗಿದ ಕ್ಯಾನ್ವಾಸು, ಮೇಲೊಂದು ಹಾಯಿ. ಮನೆಯ ಹಾಲ್‌ನಲ್ಲೇ ಕೆಲಸ ಶುರುವಾಯಿತು. ಸೋಫಾ ಬೂಟಿನಂಗಡಿಗೆ ಹೋಯಿತು, ಊಟದ ತಟ್ಟೆಗೆ ಮರದ ಪುಡಿ ಬಂತು.

ಹೆಂಡತಿ ಚಳಿಗಾಲ ಪೂರ್ತಿ ಹಲ್ಲುಕಚ್ಚಿ ಸಹಿಸಿಕೊಂಡಳು. ಕೊನೆಗೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಳು: "ಒಂದೇ ಒಂದು ಸಲ ಕೂರ್ತೀನಿ. ನನಗೆ ಹಿಡಿಸಲಿಲ್ಲ ಅಂದ್ರೆ ಸೌದೆ ಮಾಡ್ತೀನಿ. ಆಮೇಲೆ ಮುಖ ಊದಿಸ್ಕೊಂಡು ಓಡಾಡಬಾರದು."

ಬೂಟಣ್ಣನ ಎದೆ ಧಸಕ್ಕೆಂದಿತು. ಆದರೂ ಜಂಭ ಬಿಡಬೇಕಲ್ಲ! "ಭಾನುವಾರ ಇದರಲ್ಲೇ ಅಕ್ಕನ ಮನೆಗೆ ಹೋಗೋಣ ಕಣೇ," ಎಂದ. ಅಕ್ಕನ ಮನೆ ಕೆರೆಯ ಆಚೆ ದಡದಲ್ಲಿ. ಪ್ರತಿ ಭಾನುವಾರ ಗಂಡಹೆಂಡಿರು ಅಲ್ಲಿಗೆ ಊಟಕ್ಕೆ ಹೋಗಲೇಬೇಕು, ತಮ್ಮನ ಹೆಂಡತಿಗೆ ಅಕ್ಕ ಬುದ್ಧಿ ಹೇಳಲೇಬೇಕು. ಮದುವೆಯಾದಾಗಿನಿಂದ ನಡೆದು ಬಂದದ್ದು.

ಈ ದೋಣಿಯ ಗುಟ್ಟೆಲ್ಲ ಒಡಲಿನ ಆಕಾರದಲ್ಲಿದೆ. ಹೊರಮಗ್ಗುಲು ಚಪ್ಪಟೆ, ಒಳಮಗ್ಗುಲು ಉಬ್ಬು. ಹಾಗಿದ್ದರೇ ಗಾಳಿ ಅದನ್ನು ಪಕ್ಕಕ್ಕೆ ತಳ್ಳಲಾರದು. ಅಂದರೆ ಬೂಟಿನ ಹಾಗೆ ಎಡದ್ದೇ ಬೇರೆ, ಬಲದ್ದೇ ಬೇರೆ. ಬೂಟಣ್ಣ ಮರುಳಾಗಿದ್ದೇ ಅದಕ್ಕೆ. ಎರಡಕ್ಕೂ ಸೀಮೆಸುಣ್ಣದ ಗುರುತು ಹಾಕಿದ, ಅಟ್ಟೆ ಬಡಿಯುವಾಗ ಬೂಟನ್ನು ಇಟ್ಟುಕೊಳ್ಳುವ ಹಾಗೆ ತಳ ಮೇಲೆ ಮಾಡಿ ಮಲಗಿಸಿದ, ಎಡದ್ದನ್ನು ತನ್ನ ಎಡಕ್ಕೆ, ಬಲದ್ದನ್ನು ಬಲಕ್ಕೆ ಇಟ್ಟು ಎರಡನ್ನೂ ಜೋಡಿಸುವ ಅಡ್ಡಕಂಬಿಗೆ ಬೋಲ್ಟು ಬಿಗಿದ. ನೀರಿಗಿಳಿಸಲು ಮತ್ತೆ ಮಗುಚಿದ ಮೇಲೆ ಎಡ ಹೋಗಿ ಬಲಕ್ಕೆ ಬರುತ್ತದೆ ಅನ್ನುವುದು ಮಹಾಶಯನಿಗೆ ಹೊಳೆಯಲೇ ಇಲ್ಲ. ಪಾಪ, ಬೂಟಿನ ಜೋಡಿಗೆ ಯಾರಾದರೂ ಬೋಲ್ಟು ಹಾಕುತ್ತಾರೆಯೇ!

ಭಾನುವಾರ ಬಂತು. ಇಬ್ಬರೂ ಕೆರೆಗಿಳಿದರು. ದೋಣಿಯ ಮೂತಿ ಅಕ್ಕನ ಮನೆಯ ಕಡೆಗೇ ಇತ್ತು, ದೋಣಿ ಮಾತ್ರ ಪಕ್ಕಕ್ಕೆ ಜಾರತೊಡಗಿತು.

"ರೀ, ಅತ್ತಿಗೆ ಅಲ್ಲಿದ್ದಾರೆ. ನಾವ್ಯಾಕೆ ಈ ಕಡೆ ಹೋಗ್ತಿದ್ದೀವಿ?"

ಬೂಟಣ್ಣ ಚುಕ್ಕಾಣಿ ತಿರುಗಿಸಿದ, ಹಾಯಿ ಎಳೆದ, ಬಗ್ಗಿ ನೋಡಿದ. ಉಬ್ಬು ಹೊರಗಿದೆ, ಚಪ್ಪಟೆ ಒಳಗಿದೆ! ಅಕ್ಕ ದಡದುದ್ದಕ್ಕೂ ಓಡುತ್ತ, "ಊಟ ಆರಿಹೋಗ್ತಿದೆ ಕಣೋ!" ಎಂದು ಕೂಗುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಕೂಗೂ ಕೇಳಿಸದಾಯಿತು. ದೋಣಿ ಎಲ್ಲೋ ದೂರದ ಜೊಂಡಿನೊಳಗೆ ಹೋಗಿ ನಿಂತಿತು.

"ಎಡಬಲ ಅದಲುಬದಲು ಮಾಡಿಟ್ಟಿದ್ದೀನಿ ಕಣೇ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಸೌದೆ ಮಾಡೋದಿದ್ರೆ ಮಾಡು." ಎಂದ ಬೂಟಣ್ಣ.

ಹೆಂಡತಿ ಮುಖ ಮುಚ್ಚಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಬೂಟಣ್ಣ ಗಾಬರಿಯಾದ. ಕೈ ತೆಗೆದರೆ, ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು.

ಅವನಿಗೆ ಹೋದ ಜೀವ ಬಂದ ಹಾಗಾಯಿತು. "ಬೋಲ್ಟು ಬಿಚ್ಚಿ ಇವತ್ತೇ ಸರಿ ಮಾಡ್ತೀನಿ," ಎಂದ.

"ಬೋಲ್ಟಿಗೆ ಕೈ ಹಚ್ಚಿದ್ರೆ ನೋಡಿ ಮತ್ತೆ!" ಎಂದಳು ಅವಳು. "ಇನ್ಮೇಲೆ ಪ್ರತಿ ಭಾನುವಾರ ಅತ್ತಿಗೆ ಮನೆಗೆ ಇದರಲ್ಲೇ ಹೊರಡೋಣ."