ಕುಂತ ಅಕ್ಕ, ನಿಂತ ಅಕ್ಕ

ನಾನು ಚಿಕ್ಕವಳಿದ್ದಾಗ, ನಮ್ಮ ಹುಮನಾಬಾದಿನ ಕಡೆ ಹೆಣ್ಣು ನೋಡಲು ಬರುವ ಮೊದಲು ಫೋಟೋ ಹೋಗಬೇಕಿತ್ತು, ಅದೂ ಎರಡು. ಮುಖ ನೋಡಲು ಕುಂತದ್ದೊಂದು, ಎತ್ತರ ನೋಡಲು ನಿಂತದ್ದೊಂದು. ನಮ್ಮ ಕಮಲಕ್ಕನಿಗೆ ಆಗಲೇ ಎರಡು ಸಂಬಂಧ ತಪ್ಪಿದ್ದವು. ಈಗ ಕೊಹಿನೂರು ಎಂಬ ಊರಿನಿಂದ ಬಂದಿದ್ದ ಮೂರನೆಯದೂ ತಪ್ಪಿದರೆ ಹುಡುಗಿಯಲ್ಲೇ ಏನೋ ಐಬು ಇದೆ ಎಂದು ಜನ ಆಡಿಕೊಳ್ಳುತ್ತಾರೆಂದು ಅವ್ವ ಸರಿಯಾಗಿ ಊಟವನ್ನೂ ಮಾಡುತ್ತಿರಲಿಲ್ಲ.

"ಎರಡ್ಯಾಕ್ರಿ? ಕುಂತದ್ದೂ ನಿಂತದ್ದೂ ಒಂದರಾಗೇ ತೆಗೀತೀನಿ," ಎಂದರು ನಮ್ಮ ಗಲ್ಲಿಯ ಸ್ಟುಡಿಯೋದ ರಶೀದ್ ಚಾಚಾ. ಲೆನ್ಸಿನ ಅರ್ಧಕ್ಕೆ ಕರಿ ರಟ್ಟು ಹಿಡಿದು, ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಒಮ್ಮೆ ತೆಗೆದರು. ರಟ್ಟನ್ನು ಇನ್ನರ್ಧಕ್ಕೆ ಸರಿಸಿ, ಅಕ್ಕನನ್ನು ಕುರ್ಚಿಯ ಪಕ್ಕ ನಿಲ್ಲಿಸಿ, ಅದೇ ಫಿಲ್ಮಿನ ಮೇಲೆ ಮತ್ತೊಮ್ಮೆ. ಫೋಟೋದಲ್ಲಿ ಕಮಲಕ್ಕ ಕುಂತಿದ್ದಳು, ಪಕ್ಕದಲ್ಲಿ ಕಮಲಕ್ಕನೇ ನಿಂತಿದ್ದಳು! ನಾನು ಗಲ್ಲಿಯ ಗೆಳತಿಯರಿಗೆಲ್ಲ ತೋರಿಸಿ ಕುಣಿದೆ. ಅಪ್ಪ ಅದನ್ನೇ ಕೊಹಿನೂರಿನ ವರನ ಮನೆಗೆ ಕಳಿಸಿದರು.

ನಾಲ್ಕು ದಿನಕ್ಕೆ ವರನ ತಂದೆ, ಅವರ ಅಕ್ಕ, ಅಂದರೆ ವರನ ಸೋದರತ್ತೆ, ಇಬ್ಬರೂ ಬಸ್ ಇಳಿದು ಬಂದರು. ಆ ಅತ್ತೆ ನಾವು ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಅವಳಿ-ಜವಳಿ ಹುಡಗ್ಯಾರನ್ನ ಇಟ್ಕೊಂಡು ಒಬ್ಬಾಕಿ ಅಂತ ಹೇಳೀರಿ. ಇನ್ನೊಬ್ಬಾಕಿ ಎಲ್ಲಿ? ಒಬ್ಬಾಕೀನ ತೋರ್ಸಿ ಇನ್ನೊಬ್ಬಾಕಿಗೆ ತಾಳಿ ಕಟ್ಟಸ್ಬೇಕಂತ ಮಾಡೀರೇನು?"

ಅಡುಗೆಮನೆ, ಹಿತ್ತಲು ಎಲ್ಲ ಹೊಕ್ಕು ನೋಡಿದರು. ಜೋಳದ ಚೀಲಗಳ ಹಿಂದೆಯೂ ಬಗ್ಗಿ ನೋಡಿದರು.

"ಬಸವಣ್ಣನ ಆಣಿಗೂ ಒಬ್ಬಾಕೀನೇ ಅದಾಳ್ರಿ ಅಕ್ಕಾರ," ಎಂದರು ಅಪ್ಪ.

"ಆಣಿ ಯಾರು ಬೇಕಾದ್ರೂ ಮಾಡ್ತಾರ."

ಅಳುತ್ತ ನಿಂತಿದ್ದ ಕಮಲಕ್ಕ ಕಣ್ಣೊರೆಸಿಕೊಂಡು ಹೊರಗೆ ಬಂದಳು. "ನಾ ಒಬ್ಬಾಕೀನೇ ಅದೀನ್ರಿ ಅತ್ತಿ. ನಾ ಬ್ಯಾಡ ಅಂದ್ರ ಕೊಡಾಕ ಈ ಮನ್ಯಾಗ ಮತ್ತೊಬ್ಬಾಕಿ ಇಲ್ರಿ."

ನಾನು ಚಾಚಾನನ್ನು ಕರೆಯಲು ಓಡಿದೆ. ಅವರು ಬಂದವರೇ ವಾದ ಮಾಡಲಿಲ್ಲ. "ಬರ್ರಿ ಬಾಯೀ, ನಿಮ್ಮದೂ ಒಂದು ತೆಗೀತೀನಿ," ಎಂದರು. ಅತ್ತೆ ಸೆರಗು ಬಿಗಿದುಕೊಂಡು ಸ್ಟುಡಿಯೋಗೆ ಹೋಗಿ ಕುಂತರು, ಆಮೇಲೆ ನಿಂತರು. "ನೋಡೇ ಹೋಗ್ತೀನಿ," ಎಂದು ಫೋಟೋ ತೊಳೆಯುವ ಔಷಧದ ಹುಳಿ ವಾಸನೆಯಲ್ಲೇ ಸಂಜೆಯವರೆಗೆ ಕಾದರು. ಅವ್ವ ಅಷ್ಟೂ ಹೊತ್ತು ದೇವರ ಮುಂದೆ ಕುಳಿತಿದ್ದಳು.

ಒದ್ದೆ ಫೋಟೋ ಹೊರಗೆ ಬಂದದ್ದೇ ಅತ್ತೆ ಅದನ್ನು ನಮ್ಮ ಮನೆಗೆ ಹಿಡಿದು ತಂದರು. ಗುಡುಗುಮುಖದ ಅತ್ತೆ ಕುಂತಿದ್ದರು. ಅವರನ್ನೇ ದುರುಗುಟ್ಟಿ ನೋಡುತ್ತ ಇನ್ನೊಬ್ಬ ಅತ್ತೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. ಅವರ ತಮ್ಮ, ವರನ ತಂದೆ, ಬಗ್ಗಿ ನೋಡಿ, "ಅಕ್ಕಾ, ನಿನ್ನ ಒಬ್ಬಾಕೀನ ತಡ್ಕೊಳ್ಳೂದೇ ಕಠಿಣ ಆಗೇದ. ಇಬ್ಬರಾದ್ರ ನಾ ಎಲ್ಲಿ ಹೋಗ್ಲೆವ್ವಾ!" ಎಂದರು.

ಮೊದಲು ನಕ್ಕದ್ದು ಕಮಲಕ್ಕ. ಅತ್ತೆ ಅವಳನ್ನು ಕೆಕ್ಕರಿಸಿ ನೋಡಿ, ತಾವೂ ನಕ್ಕುಬಿಟ್ಟರು. "ಚಾ ಇಡವ್ವಾ. ಸಕ್ರಿ ಜಾಸ್ತಿ ಹಾಕು." ಅಪ್ಪ ಟವಲಿನಿಂದ ಮುಖ ಒರೆಸಿಕೊಂಡು ಹೊಸ್ತಿಲ ಮೇಲೇ ಕುಸಿದು ಕುಳಿತರು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ನಾವೆಲ್ಲ ಸುಮ್ಮಸುಮ್ಮನೆ ನಗುತ್ತಿದ್ದೆವು.

ಮೊನ್ನೆ ಕಮಲಕ್ಕನ ಮೊಮ್ಮಗಳಿಗೆ ಬಂದಿದ್ದ ಸಂಬಂಧ ಮುರಿಯಿತು. ಫೋನಿಗೆ ಕಳಿಸಿದ ಫೋಟೋದಲ್ಲಿ ಹುಡುಗನ ಕಡೆಯವರಿಗೇನು ಅನುಮಾನ ಬಂತೋ, ಉತ್ತರ ಬರುವುದೇ ನಿಂತಿತು. ಯಾರೂ ಕೇಳಲಿಲ್ಲ, ಯಾರೂ ಬರಲಿಲ್ಲ. ಹುಡುಗಿ ಮಾತ್ರ ಫೋನು ನೋಡುತ್ತ ಕುಳಿತಿದ್ದಾಳೆ. ಆ ಅತ್ತೆ ಇದ್ದಿದ್ದರೆ ಮೊದಲ ಬಸ್ಸಿಗೇ ಹೊರಟು, ಅವರ ಅಡುಗೆಮನೆಗೇ ನುಗ್ಗಿ ಕೇಳಿ ಬರುತ್ತಿದ್ದರು.