ಎಣ್ಣೆ ಹಚ್ಚಿದ ಹಾಕಿ ಸ್ಟಿಕ್

ಅರಸೀಕೆರೆಯ ಗಾಣದ ಮುಂದೆ ಹಾದುಹೋಗುವಾಗ ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನಮ್ಮ ಹೈಸ್ಕೂಲಿನ ಹಾಕಿ ತಂಡ ತಾಲ್ಲೂಕು, ಜಿಲ್ಲೆ ಗೆದ್ದು ಮೈಸೂರಿನ ಸೆಮಿಫೈನಲ್ ತಲುಪಿತ್ತು. ಅದನ್ನೂ ಗೆದ್ದರೆ ನಾಯಕ ಬಸವರಾಜನಿಗೆ ಕ್ರೀಡಾ ಹಾಸ್ಟೆಲ್ ಸೀಟು ಖಾತ್ರಿ ಎಂದಿದ್ದರು. ಸ್ಟಿಕ್ಕು ಸೀಳದಿರಲಿ ಎಂದು ಪಿ.ಟಿ. ಮೇಷ್ಟ್ರು ಪ್ರತಿ ಪಂದ್ಯಕ್ಕೂ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. ಅವತ್ತು ಉತ್ಸಾಹ ಹೆಚ್ಚಾಗಿ, ಹಿಡಿಗೆ ಸುತ್ತಿದ್ದ ಬಟ್ಟೆಗೂ ಸುರಿದರು.

"ಸಾ, ಕೈ ಜಾರ್ತೈತೆ," ಎಂದ ಬಸವರಾಜ.

"ನಮ್ಮೂರ್ ಎಣ್ಣೆ ಕಣ್ಲಾ, ಒಳ್ಳೇದಾಯ್ತದೆ. ಸುಮ್ನೆ ಆಡು."

ಕೊನೆಯ ಪೆನಾಲ್ಟಿ ಹೊಡೆಯುವಾಗ ಸ್ಟಿಕ್ಕು ಅವನ ಕೈಯಿಂದ ಹಾರಿಹೋಯಿತು. ಚೆಂಡು ಅಲ್ಲೇ ಉಳಿಯಿತು. ಸೋತೆವು.

"ಅವನ ಕೈನಾಗೆ ಕಸುವೇ ಇಲ್ಲ," ಎಂದು ಮೇಷ್ಟ್ರು ಊರಿಗೆಲ್ಲ ಹೇಳಿಕೊಂಡು ಬಂದರು. ಜಿಲ್ಲೆ ಗೆಲ್ಲಿಸಿದ ಕೋಚ್ ಎಂದು ಅವರಿಗೆ ಶಾಲು, ಪೇಟ. ಹಾಸ್ಟೆಲ್ ಸೀಟು ತಪ್ಪಿದ ಬಸವರಾಜ ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊರಲು ನಿಂತ.

ಮೊನ್ನೆ ಹಳೆಯ ವಿದ್ಯಾರ್ಥಿಗಳ ಸಮಾರಂಭದಲ್ಲಿ ಮೇಷ್ಟ್ರು ಮೈಕ್ ಹಿಡಿದು ಅದೇ ಕಥೆ ಹೇಳಿದರು. ಎಲ್ಲರೂ ನಕ್ಕರು. ಅವರ ಕೊರಳಿಗೆ ಹಾಕಲು ಹಾರ ಹಿಡಿದು ಪಕ್ಕದಲ್ಲೇ ನಿಂತಿದ್ದ ಬಸವರಾಜನೂ ನಕ್ಕ.