ಹಿಂದಿನಿಂದ ಕೂಗುವವಳು

ಮುಲುಂಡ್‌ನಿಂದ ಹೊರಟ ಸ್ಲೋ ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ, ಕಿಟಕಿಯ ಪಕ್ಕ, ಶಿವಕುಮಾರಿ ಹನ್ನೊಂದು ತಿಂಗಳ ಮಗುವಿಗೆ ಸೆರಗು ಮುಚ್ಚಿ ಹಾಲೂಡಿಸುತ್ತ ಕೂತಿದ್ದಳು. ಎದುರಿಗೆ ಅವಳ ತಾಯಿ ಕಾಶವ್ವ, ತೊಡೆಯ ಮೇಲೆ ಎರಡು ಚೀಲ. ಒಂದರಲ್ಲಿ ಮಗುವಿನ ಬಟ್ಟೆ, ರಾಗಿ ಹಿಟ್ಟು, ಬಿಸಿನೀರಿನ ಫ್ಲಾಸ್ಕು, ಕೆಮ್ಮಿನ ಔಷಧ. ಇನ್ನೊಂದರಲ್ಲಿ ಆಟದ ಬೂಟು, ಚಡ್ಡಿ, ಹಲ್ಲಿಗೆ ಕಚ್ಚಿಕೊಳ್ಳುವ ರಬ್ಬರು. ಔಷಧ ಇಟ್ಟಿದ್ದೀಯಾ ಎಂದು ಶಿವಕುಮಾರಿ ಘಾಟಕೋಪರ್ ಬರುವುದರೊಳಗೆ ಮೂರು ಸಲ ಕೇಳಿದ್ದಳು.

"ಐತೆವ್ವಾ, ಐತಿ. ಇನ್ನೊಮ್ಮೆ ಕೇಳಿದ್ರ ನಾನ ಕುಡದು ಬಿಡ್ತೀನಿ ನೋಡು," ಎಂದಳು ಕಾಶವ್ವ.

ಅವತ್ತಿನಿಂದ ಮೂರು ದಿನ ಭಾರತದ ಹೆಣ್ಣುಮಕ್ಕಳ ರಗ್ಬಿ ಸೆವೆನ್ಸ್ ತಂಡದ ಆಯ್ಕೆ. ಬೇಕಾದವರು ಹನ್ನೆರಡು, ಬರುವವರು ಇಪ್ಪತ್ತಾರು. ಅಷ್ಟು ಜನರಲ್ಲಿ ಇಪ್ಪತ್ತೊಂಬತ್ತು ತುಂಬಿದವಳು, ಹೆತ್ತವಳು ಇವಳೊಬ್ಬಳೇ. ಎಂಟು ವರ್ಷ ಆ ನೀಲಿ ಅಂಗಿ ತೊಟ್ಟವಳಿಗೆ, ಈ ಸಲ ಹೆಸರು ಬಾರದಿದ್ದರೆ ಇನ್ನೆಂದೂ ಬಾರದು ಎಂದು ಬೇರೆಯವರು ತಿಳಿಸಿ ಹೇಳಬೇಕಾಗಿರಲಿಲ್ಲ.

ಕುರ್ಲಾ ಬಂತು. ಹಳಿಗಳಾಚೆ ತಗಡಿನ ಸೂರುಗಳ ಮೇಲೆ ಎಳೆಬಿಸಿಲು ಹರಡಿತ್ತು. ಅಲ್ಲೆಲ್ಲೋ ಅವಳು ಬೆಳೆದ ಚಾಳು. ರೈಲು ನಿಂತ ಅರೆ ನಿಮಿಷದಲ್ಲಿ, ಫ್ರಾಕು ತೊಟ್ಟ ಹುಡುಗಿಯೊಬ್ಬಳು ಆ ಗಲ್ಲಿಯಲ್ಲಿ ಇನ್ನೂ ಓಡುತ್ತಿರುವಂತೆ ಅವಳಿಗೆ ಕಂಡಿತು.

ಆ ಓಟಕ್ಕೆ ಕಾರಣವಿತ್ತು. ಅಪ್ಪ ಸಿದ್ದಲಿಂಗಪ್ಪ ಇಂಡಿ ತಾಲೂಕಿನಿಂದ ಬಂದ ಗೌಂಡಿ. ಬೆಳಗ್ಗೆ ಕೆಲಸಕ್ಕೆ ಹೊರಟಾಗ ರೊಟ್ಟಿಯ ಡಬ್ಬಿಯನ್ನೋ ಗಾರೆ ಕರಣೆಯನ್ನೋ ಮರೆಯದ ದಿನವಿಲ್ಲ. ಆದರೆ ಹೊಸ್ತಿಲು ದಾಟಿದವರನ್ನು ಹಿಂದಿನಿಂದ ಕರೆಯಬಾರದು, ಹೆಸರು ಹಿಡಿದಂತೂ ಕೂಗಲೇಬಾರದು ಎಂಬುದು ಕಾಶವ್ವನ ಕಟ್ಟಪ್ಪಣೆ. ಹಾಗಾಗಿ ಡಬ್ಬಿ ಹಿಡಿದು ಓಡಬೇಕಾದವಳು ಶಿವಿ. ಬರಿಗಾಲಿನಲ್ಲಿ ಕೈಗಾಡಿಗಳ ಸಂದಿಯಲ್ಲಿ ನುಸುಳಿ, ಅಪ್ಪನನ್ನು ದಾಟಿ, ಎದುರಿಗೆ ಹೋಗಿ ನಿಲ್ಲಬೇಕು. ತುಟಿ ಬಿಚ್ಚಬಾರದು. ಅಪ್ಪ ನಕ್ಕು ಡಬ್ಬಿ ಇಸಿದುಕೊಳ್ಳುವನು.

ಶಾಲೆಯ ಮೈದಾನಕ್ಕೆ ಮೊಟ್ಟೆಯಾಕಾರದ ಚೆಂಡು ತಂದ ಸ್ನೇಹಲ್ ಮ್ಯಾಡಮ್ ಕಂಡದ್ದು ಈ ಓಟವನ್ನೇ. ಆಗ ಶಿವಿಗೆ ಹದಿಮೂರು. ಆಟದ ಹೆಸರು ಕೇಳಿ ಕಾಶವ್ವ, "ರಗ್ಗಾ? ಹೊಚ್ಚಿಕೊಳ್ಳೂ ರಗ್ಗಿನಾಗ ಎಂಥಾ ಆಟನ?" ಎಂದಿದ್ದಳು. ಮುಂದೆ ಮಗಳು ವಿಮಾನ ಹತ್ತಿದಾಗಲೂ ಅವಳ ಬೆರಗು ಬೇರೆಯೇ. "ಹದಿನಾಲ್ಕ ನಿಮಿಷದ ಆಟಕ್ಕ ಇಮಾನದಾಗ ಹೋಗೂದಾ? ಲೋಕಲ್ನ್ಯಾಗ ಮುಲುಂಡ್ ಮುಟ್ಟಾಕರ ಅದಕ್ಕಿಂತ ಜಾಸ್ತಿ ಹಿಡೀತೈತಿ."

ಆ ಹದಿನಾಲ್ಕು ನಿಮಿಷಗಳೇ ಶಿವಕುಮಾರಿಯ ಎಂಟು ವರ್ಷ. ಯಾವ ಊರು, ಯಾವ ದೇಶ ಎಂದು ಕೇಳಿದರೆ ಅವಳಿಗೆ ಹುಲ್ಲಿನ ವಾಸನೆಯಷ್ಟೇ ನೆನಪು. ಒಂದು ಕಡೆಯದು ಒದ್ದೆ, ಒಂದು ಕಡೆಯದು ಒಣಗಿದ ಹುರಿಯಂಥದು. ಅವಳ ಜಾಗ ಮೈದಾನದ ಅಂಚು. ಚೆಂಡು ಕೈಗೆ ಬಂದೊಡನೆ ಜಗತ್ತಿನ ಸದ್ದು ಆರಿಹೋಗುತ್ತಿತ್ತು. ಎದುರಿನವರು ನೀರಿನೊಳಗೆ ನಡೆಯುವವರಂತೆ ನಿಧಾನವಾಗುತ್ತಿದ್ದರು. ಕೊನೆಯ ಗೆರೆ ತಾನೇ ಅವಳ ಕಡೆ ತೇಲಿ ಬರುತ್ತಿತ್ತು. ಈ ಆಟದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಹಿಂದಿರುವವರಿಗೇ ಕೊಡಬೇಕು. ಓಡುವವಳಿಗೆ ಬೆನ್ನಿನಲ್ಲಿ ಕಣ್ಣಿಲ್ಲವಲ್ಲ, ಹಿಂದಿನವರು ಕೂಗಿ ಹೇಳಬೇಕು. ಅವಳೋ ಸದಾ ಮುಂದಿದ್ದವಳು. ಕೂಗುವ ಪ್ರಸಂಗವೇ ಬಂದಿರಲಿಲ್ಲ.

ಹೆರಿಗೆಯಾದ ಮೇಲೆ ಆ ವೇಗ ಮರಳಲಿಲ್ಲ. ಬೈಕುಲ್ಲಾದಾಚೆಯ ಮೈದಾನದಲ್ಲಿ ಆಯ್ಕೆಯ ಮೊದಲ ದಿನ ಸ್ಟಾಪ್‌ವಾಚ್ ನೋಡಿದ ಸ್ನೇಹಲ್ ಮ್ಯಾಡಮ್, ಈಗ ಅವರೇ ತಂಡದ ಕೋಚ್, ಮುಖ ಬಾಡಿಸಲಿಲ್ಲ. "ಕಾಲು ಹೋಯಿತು ಶಿವ್, ಕಣ್ಣು ಉಳಿದಿದೆ. ಹಿಂದೆ ನಿಲ್ಲು, ಮುಂದಿನವರನ್ನು ನಡೆಸು," ಎಂದು ಹಿಂದಿಯಲ್ಲಿ ಹೇಳಿದರು.

ಅಲ್ಲೇ ಎಡವಟ್ಟಾಯಿತು. ಚೆಂಡು ಹಿಡಿದು ಓಡುತ್ತಿದ್ದವಳು ವಾರಿಜಾ, ಹತ್ತೊಂಬತ್ತರ ತುಳು ಹುಡುಗಿ. ಎಡಕ್ಕೆ ದಾರಿ ತೆರೆದಿರುವುದು ಶಿವಕುಮಾರಿಗೆ ಕಂಡಿತು. 'ವಾರಿಜಾ' ಎನ್ನಬೇಕು, ಅಷ್ಟೇ. ಗಂಟಲಿನಲ್ಲಿ ಹೆಸರು ಮುಳ್ಳಾಗಿ ನಿಂತಿತು. ತಿಳಿಯುವುದರೊಳಗೆ ಅವಳ ಕಾಲು ಹಳೆಯ ಕೆಲಸ ಮಾಡಿಬಿಟ್ಟಿತು. ಏದುಸಿರು ಬಿಡುತ್ತ ವಾರಿಜಾಳನ್ನು ದಾಟಿ, ಎದುರಿಗೆ ಹೋಗಿ ಕೈಯೊಡ್ಡಿದಳು! ಗಲಿಬಿಲಿಗೊಂಡ ಹುಡುಗಿ ಚೆಂಡು ಕೊಟ್ಟೂಬಿಟ್ಟಳು. ಮುಂದಕ್ಕೆ ಹೋದ ಚೆಂಡು, ಸೀಟಿ ಕೂಗಿತು. ಹುಡುಗಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯ ದಿನವೂ ಎರಡು ಸಲ ಹಾಗೇ ಆಯಿತು. ಆಗ ಯಾರೂ ನಗಲಿಲ್ಲ.

"ನಾಳೆ ಕೊನೆಯ ಪಂದ್ಯ. ಬಾಯಿ ಬಿಡದವಳನ್ನು ಹಿಂದೆ ಇಟ್ಟುಕೊಂಡು ನಾನೇನು ಮಾಡಲಿ?" ಎಂದರು ಸ್ನೇಹಲ್ ಮ್ಯಾಡಮ್.

ಆ ಸಂಜೆ ಮೈದಾನದ ಅಂಚಿನ ಶಾಮಿಯಾನದ ಕೆಳಗೆ ಶಿವಕುಮಾರಿ ತಾಯಿಯ ಮೇಲೆ ಹರಿಹಾಯ್ದಳು. "ಎಲ್ಲಾ ನಿನ್ನಿಂದನ ಅವ್ವಾ. ಹಿಂದಿಂದ ಕರೀಬ್ಯಾಡ, ಕರೀಬ್ಯಾಡ ಅಂತ ಬಾಯಿ ಹೊಲದು ಇಟ್ಟಿ."

"ಹೊಂಟಾವ್ರನ್ನ ಕರೀಬಾರ್ದು ಅಂದೇನಿ. ಇವ್ರೆಲ್ಲಿ ಹೊಂಟಾರ? ಆ ಗೆರಿತನಾ ಹೋಗಿ ಹೊಳ್ಳಿ ಇಲ್ಲೇ ನೀರ ಕುಡ್ಯಾಕ ಬರ್ತಾರ."

"ಅದು ನಿನಗ ಗೊತ್ತು. ನನ್ನ ಗಂಟಲಿಗೆ ಗೊತ್ತಿಲ್ಲ."

ಸಿಟ್ಟಿನಲ್ಲಿ ಎದ್ದು ನಲ್ಲಿಯ ಕಡೆ ಹೋದಳು. ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾಗ ಶಾಮಿಯಾನದಲ್ಲಿ ಮಗು ಅತ್ತಿತು. ಬಿದ್ದಿತೇ? ಇರುವೆ ಕಚ್ಚಿತೇ? "ಬಂದೆ ಬಂದೆ ಬಂದೆ, ಇಲ್ಲೇ ಬಂದೆ!" ಎನ್ನುತ್ತ ಒದ್ದೆ ಮುಖದಲ್ಲೇ ಓಡಿಬಂದಳು. ಏನೂ ಆಗಿರಲಿಲ್ಲ. ಅಮ್ಮನ ದನಿ ಕೇಳಿಯೇ ಮಗು ಸುಮ್ಮನಾಗಿತ್ತು.

ಕಾಶವ್ವ ಅವಳನ್ನೇ ನೋಡುತ್ತಿದ್ದಳು. "ಈಗ ಯಾರ ಹೆಸರ ಹಿಡದ ಕರದಿ?"

"ಯಾರನ್ನೂ ಇಲ್ಲ. ನಾ ಬಂದೆ ಅಂದೆ."

"ಮತ್ತ? ನಾಳೆ ಅಷ್ಟ ಅನ್ನು. ಅವ್ರನ್ನ ಕರೀಬ್ಯಾಡ. ನೀ ಬಂದೀದಿ ಅಂತ ಹೇಳು. ಹೊಂಟಾವ್ರಿಗೆ ಅದರಾಗೇನ ಕೆಟ್ಟೈತಿ?"

ಮೂರನೆಯ ದಿನದ ಪಂದ್ಯ ಅವಳಿಗೆ ಕನಸಿನ ಹಾಗೇ ನೆನಪಿದೆ. ಸಮುದ್ರದ ಕಡೆಯಿಂದ ತೆಳುವಾದ ಮಂಜು ಬಂದು ಹುಲ್ಲಿನ ಮೇಲೆ ಕೂತಿತ್ತು. ಹುಡುಗಿಯರ ಬೆನ್ನುಗಳು ಅದರೊಳಗೆ ಮುಳುಗಿ ತೇಲುತ್ತಿದ್ದವು. ಇಷ್ಟು ವರ್ಷ ಕಂಡಿರದ ನೋಟ ಅದು. ಮುಂದಿದ್ದವಳಿಗೆ ಬೆನ್ನುಗಳು ಕಾಣುವುದುಂಟೆ? ಯಾರ ಉಸಿರು ಮುಗಿಯುತ್ತ ಬಂದಿದೆ, ಯಾವ ಹೆಗಲು ಜಾರುತ್ತಿದೆ ಎಂಬುದು, ತೊಟ್ಟಿಲಿನ ಮಗು ಮಗ್ಗುಲಾಗುವ ಮೊದಲೇ ತಿಳಿಯುವಂತೆ, ಅವಳಿಗೆ ತಿಳಿಯುತ್ತಿತ್ತು. ಎದೆ ಹಾಲು ತುಂಬಿ ಬಿಗಿಯುತ್ತಿತ್ತು. ವಾರಿಜಾಳನ್ನು ಇಬ್ಬರು ಮುತ್ತಿದರು.

"ಬಂದೆ! ಎಡಕ್ಕೆ ಬಂದೆ! ಬಂದೆ!"

ವಾರಿಜಾ ಬೆಚ್ಚಿ ಕತ್ತು ಹೊರಳಿಸಿದಳು, ಕಂಡಳು, ಚೆಂಡು ಕೊಟ್ಟಳು. ಶಿವಕುಮಾರಿ ಅದನ್ನು ಇನ್ನೊಬ್ಬಳಿಗೆ ದಾಟಿಸಿದಳು. ಆ ಹುಡುಗಿ ಗೆರೆ ಮುಟ್ಟಿದಳು. ಅಲ್ಲಿಂದ ಮುಂದೆ ವಾರಿಜಾ ತಿರುಗಿ ನೋಡಲೇ ಇಲ್ಲ. ದನಿ ಬಂದ ಕಡೆ ಚೆಂಡು ಬರುತ್ತಿತ್ತು.

"ಅಕ್ಕಾ, ಫಸ್ಟ್ ಟೈಮ್ ನಾನು ಹಿಂದಿಯ 'ಬಂದೇ' ಅಂದ್ಕೊಂಡೆ," ಎಂದಳು ವಾರಿಜಾ ನೀರು ಕುಡಿಯುತ್ತ, ತಡವರಿಸುವ ಕನ್ನಡದಲ್ಲಿ. "ಲೇಡೀಸ್ ಮ್ಯಾಚಲ್ಲಿ ಯಾವ ಬಂದಾ, ಯಾವ ಗಂಡಸು ನುಗ್ಗಿದ ಅಂತ ತಿರುಗಿದ್ದು!"

ಮಧ್ಯಾಹ್ನ ಎಲ್ಲರನ್ನೂ ಹುಲ್ಲಿನ ಮೇಲೆ ಕೂರಿಸಿ ಸ್ನೇಹಲ್ ಮ್ಯಾಡಮ್ ಪಟ್ಟಿ ಓದಿದರು. ಏಳಾಯಿತು, ಎಂಟಾಯಿತು. ವಾರಿಜಾಳ ಹೆಸರು ಒಂಬತ್ತನೆಯದು. ಹನ್ನೊಂದು. ಶಿವಕುಮಾರಿ ಶಾಮಿಯಾನದ ಕಡೆ ನೋಡುತ್ತಿದ್ದಳು. ಅಲ್ಲಿ ಕಾಶವ್ವ ಮಗುವಿನ ಮುಖದ ಮೇಲಿನ ನೊಣ ಓಡಿಸುತ್ತಿದ್ದಳು. ಹನ್ನೆರಡನೆಯ ಹೆಸರು ಓದಿ ಮ್ಯಾಡಮ್ ಕಾಗದ ಮಡಚಿದರು. ಪಕ್ಕದವಳು ಬೆನ್ನಿಗೆ ಗುದ್ದಿದ ಮೇಲೆಯೇ ಅದು ತನ್ನ ಹೆಸರೆಂದು ಅವಳಿಗೆ ತಿಳಿದದ್ದು.

ಕುಣಿಯಲಿಲ್ಲ. ನೇರ ಮ್ಯಾಡಮ್ ಬಳಿ ಹೋಗಿ, ಹೊರಡುವುದು ಯಾವತ್ತು ಎಂದು ಕೇಳಿದಳು. ಇನ್ನು ನಲವತ್ತೊಂದು ದಿನಕ್ಕೆ ಹೊರಡುವುದು, ಆಮೇಲೆ ಹದಿನಾರು ದಿನ ಹೊರದೇಶ.

ಶಾಮಿಯಾನಕ್ಕೆ ಬಂದು ಮಗುವನ್ನು ಎತ್ತಿಕೊಂಡಳು. ನಲವತ್ತೊಂದು ದಿನದಲ್ಲಿ ಹಾಲು ಬಿಡಿಸಬೇಕು. ಹಗಲಿನದು ಮೊದಲೋ, ರಾತ್ರಿಯದೋ? ಬಾಟಲಿ ಒಗ್ಗದಿದ್ದರೆ? ಗಂಡ ಪ್ರೀತಮ್‌ಗೆ ಜೋಗುಳವೇ ಬಾರದು. ಕೆಮ್ಮು ಮರುಕಳಿಸಿದರೆ?

"ಏನಂದ್ರ?" ಕಾಶವ್ವ ಕೇಳಿದಳು.

"ತಗೊಂಡ್ರು."

"ಮತ್ತ ಮಾರಿ ಯಾಕ ಹಂಗ ಮಾಡೀದಿ?"

ಶಿವಕುಮಾರಿ ಕಂಬಕ್ಕೆ ಒರಗಿ, ಮಣ್ಣಾದ ಅಂಗಿಯನ್ನು ಸರಿಸಿ, ಮಗುವನ್ನು ಎದೆಗೆ ಹಚ್ಚಿಕೊಂಡಳು. ಅದು ಕಣ್ಣು ಮುಚ್ಚಿ, ಪುಟ್ಟ ಮುಷ್ಟಿಯಲ್ಲಿ ಅವಳ ಕಾಲರನ್ನು ಹಿಡಿದು, ಗಟಗಟನೆ ಕುಡಿಯತೊಡಗಿತು. ಇವತ್ತೊಂದು ದಿನ ಎಷ್ಟು ಬೇಕೋ ಅಷ್ಟು ಕುಡಿಯಲಿ ಎಂದುಕೊಂಡಳು.